ದಾವಣಿಯಲ್ಲ, ಧಾವಳಿ

ಬಸವೇಶ್ವರನಗರ
ಶುಕ್ರವಾರ, ಏಪ್ರಿಲ್ ೨೪

ನನ್ನ ಬಂಗಾರ ಶರಣ್ಯಾ,

ಎಲ್ಲರೂ ಕ್ಷೇಮ ಅಂತ ಶುರು ಮಾಡಬೇಕು, ಗೊತ್ತು. ನಿಮ್ಮಪ್ಪ ಕ್ಷೇಮ. ನನ್ನದು ಮಾತ್ರ ಕೇಳಬೇಡ. ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿದ್ದು ಎದ್ದು ಕೂತವಳು ಇನ್ನೂ ಸರಿಯಾಗಿ ಉಸಿರು ಬಿಟ್ಟಿಲ್ಲ.

ಕನಸಿನಲ್ಲಿ ನಾವು ಆರೂ ಜನ ಏರ್‌ಪೋರ್ಟಿನಲ್ಲಿ ನಿಂತಿದ್ದೇವೆ. ಸೂಟ್‌ಕೇಸುಗಳು ರಬ್ಬರು ಪಟ್ಟಿಯ ಮೇಲೆ ಸುತ್ತಿಕೊಂಡು ಬರುತ್ತವಲ್ಲ, ಅಲ್ಲಿ. ಎಲ್ಲರದೂ ಬಂತು. ನನ್ನದು ಮಾತ್ರ ಬಾಯಿ ತೆರೆದುಕೊಂಡು ಬಂತು. ಅದರ ಹಿಂದೆ ನನ್ನ ನೈಟಿ, ಪಿನ್ನು ಚುಚ್ಚಿದ ಹಳೆಯ ಲಂಗ, ನೀನು ಕೊಡಿಸಿದ ಚರ್ಮದ ಬಣ್ಣದ ಥರ್ಮಲ್ಲು, ಎಲ್ಲ ಸಾಲಾಗಿ ಮೆರವಣಿಗೆ ಹೊರಟಿವೆ. ನಿಮ್ಮತ್ತೆ ತುಂಗಾ ಅವರು ಕನ್ನಡಕ ಮೇಲೇರಿಸಿ, ಸೂಟ್‌ಕೇಸಿಗೆ ನಾನು ಅಂಟಿಸಿದ ವಿಳಾಸವನ್ನು ಗಟ್ಟಿಯಾಗಿ ಓದುತ್ತಿದ್ದಾರೆ. "ಕಲ್ಯಾಣಮ್ಮನವರೇ, ಬಸವೇಶ್ವರನಗರದಲ್ಲಿ ವ ಒತ್ತು ಎಲ್ಲಿ ಹೋಯ್ತು?" ಅಂತ ಕೇಳಿದರು. ಸುತ್ತಲಿದ್ದ ಜನವೆಲ್ಲ ತಿರುಗಿ ನೋಡಿತು. ಇಡೀ ಆಯುಸ್ಸು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು ಕನಸಿನಲ್ಲಿ ಸುಮ್ಮನಿರುತ್ತಾರಾ? ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ ನಾನು ಆ ಒತ್ತನ್ನು ನೈಟಿ, ಲಂಗಗಳ ಮಧ್ಯೆ ಹುಡುಕುತ್ತಿದ್ದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನೀನು ಅಡಿಗೆ ಮಾಡುತ್ತಾ ಫೋನನ್ನು ಸ್ಪೀಕರಿಗೆ ಹಾಕುತ್ತೀಯ. ಪಕ್ಕದಲ್ಲಿ ನಿಮ್ಮತ್ತೆ ಅವರೇಕಾಯಿ ಸುಲಿಯುತ್ತಾ ಕೂತಿರುತ್ತಾರೆ. ಹೋದ ತಿಂಗಳು ನಾನು ನನ್ನ ಹೊಟ್ಟೆನೋವಿನ ವಿಷಯ ಪೂರ್ತಿ ಹೇಳಿ ಮುಗಿಸಿದ ಮೇಲೆ ಅವರ ದನಿ ಕೇಳಿಸಿತು, "ಓಮಿನ ಕಾಳು ಅಗೀರಿ ಕಲ್ಯಾಣಮ್ಮನವರೇ" ಅಂತ. ಆವತ್ತಿನಿಂದ ನಿನಗೆ ಫೋನ್ ಮಾಡುವಾಗ ಬರೀ ಹವಾಮಾನ ಮಾತಾಡುತ್ತಿದ್ದೇನೆ. ಅದಕ್ಕೇ ಕಾಗದ. ಅಪ್ಪ ನಾಳಿದ್ದು ಕೆಂಗೇರಿಗೆ ಬಂದಾಗ ನಿನ್ನ ಕೈಗೇ ಕೊಡುತ್ತಾರೆ. ಓದಿ ಹರಿದುಹಾಕು.

ಮೊದಲನೆಯದಾಗಿ, ಬೀಗರ ಜೊತೆ ಯಾರಾದರೂ ಬೆಟ್ಟಕ್ಕೆ ಹೋಗುತ್ತಾರೇನೇ? ಬೀಗರು ಅಂದರೆ ಮದುವೆ, ನಾಮಕರಣ, ಗೃಹಪ್ರವೇಶ. ಒಳ್ಳೆಯ ಸೀರೆ ಉಟ್ಟು ಹೋಗಿ, ಒಳ್ಳೆಯ ಮಾತಾಡಿ, ಕುಂಕುಮ ಇಟ್ಟುಕೊಂಡು ಸಂಜೆಯೊಳಗೆ ಮನೆ ಸೇರುವುದು. ನೀನು ಆರು ದಿನ ಮನಾಲಿ ಅಂದೆ. ಹೋಗಲಿ ಅಂದರೆ, ಅಪ್ಪಂದಿರಿಗೆ ಒಂದು ರೂಮು, ಅಮ್ಮಂದಿರಿಗೆ ಒಂದು ರೂಮು ಅಂದೆ. ಅಪ್ಪನಿಗೇನು, ನಿಮ್ಮ ಮಾವ ಮಧ್ವೇಶ್ ಅವರೂ ಇವರೂ ಕ್ರಿಕೆಟ್ ನೋಡಿಕೊಂಡು ಗೊರಕೆ ಹೊಡೆಯುತ್ತಾರೆ. ನಾನು ಆರು ದಿನ ಮೇಷ್ಟ್ರಮ್ಮನ ಪಕ್ಕದ ಹಾಸಿಗೆಯಲ್ಲಿ ಕಾಲು ಚಾಚದೆ ಮಲಗಬೇಕು.

ನೀನು ಯುಗಾದಿಗೆ ಬಂದಾಗ ಹೇಳಿದ್ದು ಮರೆತಿಲ್ಲ. "ಮದುವೆ ಆಗಿ ಮೂರು ವರ್ಷ ಆಯ್ತಮ್ಮ. ನೀನು ಅವರನ್ನ ನೋಡಿದ್ರೆ ಸೆರಗು ಸರಿ ಮಾಡ್ಕೋತೀಯ, ಅವರು ನಿನ್ನ ನೋಡಿದ್ರೆ ಕನ್ನಡಕ ಸರಿ ಮಾಡ್ಕೋತಾರೆ. ಮಧ್ಯದಲ್ಲಿ ನಾನು. ಎರಡು ಮನೇಲೂ ನಾನು ನೆಂಟಳಾಗಿಬಿಟ್ಟಿದೀನಿ" ಅಂದೆ. ಹೇಳುವಾಗ ನಗುತ್ತಲೇ ಇದ್ದೆ, ಆದರೆ ಪಾತ್ರೆ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿದೆ. ಅದೊಂದು ಮಾತಿಗೆ ನಾನು ಹೂಂ ಅಂದದ್ದು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮಂಡಿನೋವು ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಈಗ ಬಟ್ಟೆಯ ವಿಷಯ. ನೀನು ವಾಟ್ಸಪ್ಪಿನಲ್ಲಿ ಏನೇನು ತರಬೇಕು ಅಂತ ಇಂಗ್ಲಿಷಿನಲ್ಲಿ ಕಳಿಸಿದ್ದೀಯ. ಅಪ್ಪ ಮೊದಲ ಸಾಲು ಓದಿ ಉಳಿದದ್ದನ್ನು ತಾವೇ ಊಹಿಸಿದರು. "ಸಮ್ಮರ್ ಹಾಲಿಡೇ ಅಂತ ನಿನ್ನ ಮಗಳೇ ಬರೆದಿದಾಳೆ. ಸಮ್ಮರ್‌ನಲ್ಲಿ ಸ್ವೆಟರ್ ಯಾಕೆ?" ಅಂತ ಪಂಚೆ, ಬನಿಯನ್ನು, ಬೀಸಣಿಗೆ ಇಟ್ಟರು. ಬೀಸಣಿಗೆ ಕಣೇ. ಕೆಳಗಿನ ಮನೆ ಗಂಗಲಕ್ಷ್ಮಮ್ಮನವರು ಕೇದಾರಕ್ಕೆ ಹೋಗಿ ಬಂದವರಲ್ಲ, ಅವರು "ಅಲ್ಲಿ ಕಿವಿ ಮರಗಟ್ಟಿಹೋಗುತ್ತೆ ಯಜಮಾನ್ರೇ, ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡ್ಕೋಬೇಕು" ಅಂದುಬಿಟ್ಟರು. ಅಷ್ಟೇ, ಇವರು ಇನ್ನೊಂದು ದಡಕ್ಕೆ ಹಾರಿದರು. ಅಭ್ಯಾಸ ಆಗಲಿ ಅಂತ ಈ ಸುಡು ಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡೇ ಸುಂಕದಕಟ್ಟೆಗೆ ತಮ್ಮ ಪೈಂಟ್ ಅಂಗಡಿ ತೆರೆಯಲು ಹೋದರು. ಗಿರಾಕಿಯೊಬ್ಬ ಹೆದರಿ ಪಕ್ಕದ ಅಂಗಡಿಗೆ ಹೋದನಂತೆ.

ನನ್ನ ಕಷ್ಟ ಬೇರೆ. ಬೀಗಿತ್ತಿಯ ಮುಂದೆ ಒಂದೇ ಸೀರೆ ಎರಡು ಸಲ ಉಡುವಂತಿಲ್ಲ. ರೇಷ್ಮೆ ಇಟ್ಟರೆ ಇವಳೇನು ಮದುವೆಗೆ ಹೊರಟಳಾ ಅನ್ನುತ್ತಾರೆ. ಕಾಟನ್ ಇಟ್ಟರೆ ಚಳಿ. ಸಿಂಥೆಟಿಕ್ ಇಟ್ಟರೆ ಅಗ್ಗದ್ದು ಅಂತ ಗೊತ್ತಾಗುತ್ತದೆ. ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಸ್ವೆಟರಿಗೆಲ್ಲ ನುಸಿಗುಳಿಗೆ ವಾಸನೆ. ತಾರಸಿಯ ಮೇಲೆ ಹರವಿದರೆ ಎದುರು ಮನೆಯವರು, "ಏನ್ರೀ, ಏಪ್ರಿಲ್‌ನಲ್ಲೇ ಚಳಿಜ್ವರಾನಾ?" ಅಂತ ಕೂಗುತ್ತಾರೆ. ನೀನು ನೋಡಿದರೆ "ಪದರ ಪದರವಾಗಿ ಹಾಕ್ಕೋಬೇಕಮ್ಮ, ಚಿರೋಟಿ ಥರ" ಅನ್ನುತ್ತೀಯ. ನಿನ್ನೆ ಬಾಗಿಲು ಹಾಕಿಕೊಂಡು ಆ ಥರ್ಮಲ್ಲು, ಅದರ ಮೇಲೆ ನೀನು ಕೊಡಿಸಿದ ಪ್ಯಾಂಟು ಹಾಕಿ ಬೀರುವಿನ ಕನ್ನಡಿಯ ಮುಂದೆ ನಿಂತೆ. ಯಾರೋ ಹೆಂಗಸು ನಮ್ಮ ಮನೆಗೆ ಕಳ್ಳತನಕ್ಕೆ ಬಂದು ಸಿಕ್ಕಿಬಿದ್ದ ಹಾಗಿತ್ತು. ಬಿಚ್ಚುವುದಕ್ಕೆ ಹೋದರೆ ಥರ್ಮಲ್ಲು ಮಂಡಿಯಿಂದ ಕೆಳಗೆ ಬರಲೊಲ್ಲದು. ಸೀರೆ ಬಿಟ್ಟು ಬೇರೇನೂ ಉಡದವಳಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಶರಣ್ಯಾ?

ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ನಾನು ಈ ಕಾಗದ ಬರೆಯಲು ಕೂತಿರುವ ಕಾರಣ ಇನ್ನೊಂದು.

ಹೋದ ಭಾನುವಾರ ನಿಮ್ಮತ್ತೆಯೇ ಫೋನ್ ಮಾಡಿದ್ದರು. ನಾನು ಕುಕ್ಕರ್ ಇಳಿಸುವ ಗಡಿಬಿಡಿಯಲ್ಲಿದ್ದೆ. "ಬಟ್ಟೆ ವಿಷಯಕ್ಕೆ ನೀವು ತಲೆ ಕೆಡಿಸ್ಕೋಬೇಡಿ. ನಾನು ನಿಮಗೂ ಒಂದು ದಾವಣಿ ತೆಗೆದಿಟ್ಟಿದೀನಿ" ಅಂದ ಹಾಗೆ ಕೇಳಿಸಿತು. ನನಗೆ ಒಳಗೊಳಗೇ ಕಸಿವಿಸಿ. ಲಂಗ ದಾವಣಿ ಹಾಕುವ ವಯಸ್ಸಾ ನಮ್ಮದು? ಮನಾಲಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಹುಡುಗಿಯರ ಹಾಗೆ ವೇಷ ಹಾಕೋಣ ಅನ್ನುತ್ತಿದ್ದಾರಾ? ತಮಾಷೆಯಾ? ತಮಾಷೆ ಮಾಡುವವರಲ್ಲವಲ್ಲ ಅವರು. ಎರಡು ದಿನ ಅದನ್ನೇ ಯೋಚಿಸಿ, ಕೊನೆಗೆ ಗಂಗಲಕ್ಷ್ಮಮ್ಮನವರಿಗೆ ಹೇಳಿದೆ. ಅವರು ಚಿಕ್ಕಂದಿನಲ್ಲಿ ಚಾಮರಾಜಪೇಟೆಯ ವಠಾರದಲ್ಲಿ ಬ್ರಾಹ್ಮಣರ ಮನೆಗಳ ಮಧ್ಯೆ ಬೆಳೆದವರು. ನಕ್ಕೂ ನಕ್ಕೂ ಸಾಕಾಗಿ ಹೇಳಿದರು, "ದಾವಣಿ ಅಲ್ಲ ಕಣ್ರೀ, ಧಾವಳಿ. ಅವರ ಮಡಿ ಬಟ್ಟೆ. ಉಣ್ಣೇದು. ಅದನ್ನ ಉಟ್ಕೊಂಡ್ರೇನೇ ದೇವರ ಮನೆಗೆ, ಅಡಿಗೆ ಮನೆಗೆ ಪ್ರವೇಶ."

ಅವರ ಜೊತೆ ನಗಲು ಹೊರಟ ನನ್ನ ನಗು ಅಲ್ಲಿಗೇ ನಿಂತಿತು.

ನೀನೇ ಹೇಳು. ಒಂದೇ ರೂಮಿನಲ್ಲಿ ಇರಬೇಕಾದರೆ ನಾನು ಅವರ ಮಡಿ ಬಟ್ಟೆ ಉಟ್ಟುಕೊಂಡು ಇರಬೇಕು ಅಂತ ತಾನೇ ಅರ್ಥ? ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಲಿಂಗ ಮೈಮೇಲೆ ಇರುವವಳಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಅಂತ ನಮ್ಮವ್ವ ನನಗೆ ಹಾಲು ಕುಡಿಸುವಾಗಲೇ ಹೇಳಿಕೊಟ್ಟದ್ದು. ನನಗೆ ಓದು ಬರಹ ಕಡಿಮೆ ಅನ್ನಲಿ, ನಾನು ತಲೆ ತಗ್ಗಿಸುತ್ತೇನೆ. ನನ್ನನ್ನು ಮುಟ್ಟಿದರೆ ಮೈಲಿಗೆ ಅನ್ನುವುದಾದರೆ ತಗ್ಗಿಸುವುದಿಲ್ಲ. ಮೂರು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದಾಗಲೆಲ್ಲ ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು, ಅದರ ಮೇಲೆ ಒಂದು ತುತ್ತು ಮುಟ್ಟಿದವರಲ್ಲ. "ಈಗಷ್ಟೇ ಊಟ ಆಯ್ತು" ಅನ್ನುತ್ತಾರೆ. ಎಷ್ಟು ಹೊತ್ತಿಗೆ ಬಂದರೂ ಅವರಿಗೆ ಈಗಷ್ಟೇ ಊಟ ಆಗಿರುತ್ತದೆ. ಅಳಿಯಂದಿರು ನಮ್ಮ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿಯನ್ನು ಬೆರಳು ಚೀಪಿಕೊಂಡು ತಿನ್ನುತ್ತಾರೆ. ಅವರ ತಾಯಿಗೆ ಮಾತ್ರ ಆಗದು. ಅದನ್ನೂ ನಾನು ಯಾವತ್ತೂ ನಿನ್ನ ಮುಂದೆ ಎತ್ತಿರಲಿಲ್ಲ, ಇವತ್ತು ಎತ್ತುತ್ತಿದ್ದೇನೆ.

ಹಾಗಾಗಿ ನಾನು ಬರುವುದಿಲ್ಲ. ಅಪ್ಪ ಬೇಕಾದರೆ ಮಂಕಿ ಕ್ಯಾಪ್ ಸಮೇತ ಬರಲಿ. ಅಮ್ಮನಿಗೆ ಬಿ.ಪಿ. ಜಾಸ್ತಿ ಆಗಿದೆ ಅಂತ ನಿಮ್ಮತ್ತೆಗೆ ಹೇಳು, ಅದು ಸುಳ್ಳೇನಲ್ಲ. ನಿನಗೆ ಬೇಜಾರಾಗುತ್ತದೆ ಅಂತ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆಗಿದ್ದರೆ ಸರಿ ಮಾಡಿಕೊಂಡು ಓದು.

ಶನಿವಾರ, ಸಂಜೆ

ಶರಣ್ಯಾ, ಮೇಲಿನದನ್ನೆಲ್ಲ ಹರಿದು ಹೊಸದಾಗಿ ಬರೆಯಬೇಕಿತ್ತು. ಇಷ್ಟು ಬರೆಯುವುದಕ್ಕೇ ನನಗೆ ಒಂದು ಇಡೀ ಮಧ್ಯಾಹ್ನ ಹಿಡಿದಿದೆ, ಇನ್ನೊಂದು ಸಲ ನನ್ನ ಕೈಲಾಗದು. ನಿನ್ನೆಯದು ನಿನ್ನೆಯ ಕೋಪ ಅಂತ ತಿಳಿದುಕೊಂಡು ಓದು. ಇವತ್ತಿನ ಕೋಪ ನಿನ್ನ ಮೇಲೆ.

ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಮಂಚದ ಮೇಲೆ, ಕುರ್ಚಿಯ ಮೇಲೆ, ಕಿಟಕಿಯ ಕಂಬಿಯ ಮೇಲೆ ಎಲ್ಲ ಕಡೆ ಬಟ್ಟೆ. ಸೂಟ್‌ಕೇಸಿನಲ್ಲಿ ನನ್ನದನ್ನೆಲ್ಲ ತೆಗೆದು ಅಪ್ಪನದು ಮಾತ್ರ ಜೋಡಿಸುತ್ತಿದ್ದೆ. ನಾನು ನೈಟಿಯಲ್ಲಿದ್ದೆ, ಮೇಲೊಂದು ಟವೆಲ್ಲು. ಬೆಲ್ ಆಯಿತು. ಹಾಲಿನವನಿರಬೇಕು ಅಂತ ಬಾಗಿಲು ತೆರೆದರೆ ನಿಮ್ಮತ್ತೆ. ಒಬ್ಬರೇ. ಕೆಂಗೇರಿಯಿಂದ ಮೆಟ್ರೋ ಹತ್ತಿ, ವಿಜಯನಗರದಲ್ಲಿ ಇಳಿದು, ಆಟೋದವನ ಹತ್ತಿರ ಜಗಳವಾಡಿ ಬಂದಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ. ನಾನು ಟವೆಲ್ಲು ಎಳೆದುಕೊಂಡೆ, ಅವರು ಕನ್ನಡಕ ಸರಿ ಮಾಡಿಕೊಂಡರು. ನೀನು ಹೇಳಿದ್ದು ಸುಳ್ಳಲ್ಲ.

ಹಾಲ್‌ನಲ್ಲಿ ಕೂರಿ ಅಂದೆ. ಕೇಳಿಸದವರ ಹಾಗೆ ನೆಟ್ಟಗೆ ಬೆಡ್‌ರೂಮಿಗೆ ಬಂದರು. ಬಟ್ಟೆಯ ರಾಶಿ ನೋಡಿದರು. ನನ್ನ ಕನಸೇ ಕಣ್ಣೆದುರು ನಡೆಯುತ್ತಿದೆ ಅನ್ನಿಸಿತು. ಆ ಪ್ಯಾಂಟು ಬೇರೆ ಎಲ್ಲಕ್ಕಿಂತ ಮೇಲೆ ಕಾಲು ಚಾಚಿಕೊಂಡು ಬಿದ್ದಿತ್ತು. ಅದನ್ನೇ ನೋಡುತ್ತಾ ಕೇಳಿದರು, "ನೀವು ಇದನ್ನ ಹಾಕ್ಕೋತೀರಾ?"

"ಹಾಕಿ ನೋಡಿದೆ" ಅಂದೆ.

"ಹಾಕ್ಕೊಂಡು ಓಡಾಡ್ತೀರಾ?"

"ಪ್ರಾಣ ಹೋದ್ರೂ ಇಲ್ಲ" ಅಂದುಬಿಟ್ಟೆ.

ಅವರು ಮಂಚದ ತುದಿಯಲ್ಲಿ, ಅಪ್ಪನ ಬನಿಯನ್ನುಗಳ ಮೇಲೆಯೇ ಕೂತುಬಿಟ್ಟರು. "ಸದ್ಯ. ನೀವು ಹಾಕ್ಕೊಂಡ್ರೆ ನಾನೂ ಹಾಕ್ಕೋಬೇಕಾಗುತ್ತಲ್ಲ ಅಂತ ಹದಿನೈದು ದಿನದಿಂದ ನಿದ್ದೆ ಇಲ್ಲ ಕಲ್ಯಾಣಮ್ಮನವರೇ. ಶರಣ್ಯಾ ಪಾಪ ಅಷ್ಟು ಪ್ರೀತಿಯಿಂದ ತಂದುಕೊಟ್ಟಳು. ತುಂಬಾ ಚೆನ್ನಾಗಿದೆ ಅಂತ ಹೇಳಿ ಬೀರುವಿನ ಹಿಂದೆ ತುರುಕಿದೀನಿ."

ಆಮೇಲೆ ಚೀಲದಿಂದ ಎರಡು ಲಂಗ ತೆಗೆದರು. ಕಾವಿ ಕೆಂಪು ಬಣ್ಣ, ದಪ್ಪ ಉಣ್ಣೆ, ಒಳಗೆ ಮೈಗೆ ಚುಚ್ಚದ ಹಾಗೆ ಮೆತ್ತನೆ ಕಾಟನ್ ಅಸ್ತರು, ಸೊಂಟಕ್ಕೆ ಲಾಡಿ. "ಇದೇ ಧಾವಳಿ. ನಮ್ಮತ್ತೆಯವರದು. ಸೀರೆ ಒಳಗೆ ಹಾಕ್ಕೊಂಡ್ರೆ ಚಳಿ ಹತ್ತಿರ ಬರಲ್ಲ, ಸೀರೆ ಬಿಡೋ ಹಾಗೂ ಇಲ್ಲ. ಒಂದು ನಿಮಗೆ, ಒಂದು ನನಗೆ. ಹಳೇ ಬಟ್ಟೆ ಕೊಟ್ಟಳು ಅಂತ ಅಂದ್ಕೋಬೇಡಿ."

ನನ್ನ ಬಾಯಿ ನಿನಗೆ ಗೊತ್ತಲ್ಲ. ನಾಲ್ಕು ದಿನದಿಂದ ಒಳಗೆ ಕುದಿಯುತ್ತಿದ್ದದ್ದು ಥಟ್ಟನೆ ಹೊರಗೆ ಬಂತು. "ನನಗೆ ಮಡಿ ಇಲ್ಲ ತುಂಗಾ ಅವರೇ. ನಾನು ಲಿಂಗ ಕಟ್ಟಿದವಳು" ಅಂದೆ. ನಿನ್ನ ಬಾಳನ್ನು ನಾನೇ ಕೈಯಾರೆ ಹಾಳು ಮಾಡಿದೆ ಅಂದುಕೊಂಡೆ.

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗುತ್ತಾ ಬಂದದ್ದು ನನಗೂ ಕಾಣಿಸಿತು. "ಮಡೀನಾ? ನಾನು ಮಡಿಗೆ ಅಂತ ಕೊಟ್ಟೆ ಅಂದ್ಕೊಂಡ್ರಾ?" ಅಂದರು. ಆಮೇಲೆ ಆ ಲಂಗವನ್ನು ಎತ್ತಿ ತೋರಿಸಿದರು. "ಇದನ್ನ ದರ್ಜಿ ಕತ್ತರಿಸಿದಾನೆ. ಕಂಬಳೀನಾ ಅಮ್ಮಾ ಅಂತ ಕೇಳಿದ. ಅವನ ಅಂಗಡಿ ಬೆಕ್ಕು ಮೂರು ದಿನ ಇದರ ಮೇಲೆ ಮಲಗಿತ್ತು. ಈಗ ಲಂಗ ಆಗಿದೆ. ಇನ್ನೆಲ್ಲಿಯ ಮಡಿ? ನಮ್ಮತ್ತೆ ಇದ್ದಿದ್ರೆ ನನ್ನನ್ನ ಮನೆಯಿಂದ ಆಚೆ ಹಾಕ್ತಿದ್ರು. ಮೇಲಿಂದ ಈಗಲೂ ಬೈತಿರ್ತಾರೆ. ಬೈಲಿ, ಬದುಕಿದ್ದಾಗೇನು ಕಮ್ಮಿ ಬೈದಿದಾರಾ? ಇದನ್ನ ಉಟ್ಕೊಂಡಿದೀನಿ, ನನ್ನನ್ನ ಮುಟ್ಟಬೇಡ ಅಂತ ನಲವತ್ತು ಸಲ ಹೇಳಿದಾರೆ. ಕತ್ತರಿ ಹಾಕಿಸಿದ ದಿನ ನನಗೆ ಹಗುರ ಆಯ್ತು."

ಲಂಗ ಈಸಿಕೊಂಡೆ. ಆದರೆ ನೋಡು, ಉದ್ದ ಸಾಲದು. ಪಾದಕ್ಕಿಂತ ನಾಲ್ಕು ಬೆರಳು ಮೇಲೆ. ನನ್ನ ಅಳತೆ ಎಲ್ಲಿಂದ ಸಿಕ್ಕಿತು ಅಂದರೆ ನೀನು ಕೊಟ್ಟೆಯಂತೆ. ನಿನ್ನ ಬೀರುವಿನಲ್ಲಿದ್ದ ನನ್ನ ಹಳೆಯ ಲಂಗ ಕೊಟ್ಟೆಯಂತೆ, ಒಗೆದು ಒಗೆದು ಕುಗ್ಗಿದ್ದನ್ನ. ಇಷ್ಟೆಲ್ಲ ಗೊತ್ತಿದ್ದೂ ನನಗೊಂದು ಮಾತು ಹೇಳಲಿಲ್ಲ. ಕೇಳಿದರೆ, ಲಂಗ ಹೊಲಿಸಿದ್ದು ಸರ್‌ಪ್ರೈಸ್ ಅಂದರು ಅತ್ತೆ ಅನ್ನುತ್ತೀಯ. ನಿಮ್ಮ ಸರ್‌ಪ್ರೈಸಿಗೆ ಬೆಂಕಿ ಹಾಕ, ಒಂದು ಮಾತು ಹೇಳಿದ್ದರೆ ನನ್ನ ನಿದ್ದೆ ಉಳಿಯುತ್ತಿತ್ತು.

ಉದ್ದ ಮಾಡಲು ಕೂತೆವು. ಹಳೆಯ ಶಾಲಿನ ಪಟ್ಟಿ ಕತ್ತರಿಸಿ ಕೆಳಗೆ ಸೇರಿಸಿದ್ದು. ಅವರಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದು, ಪೋಣಿಸಿಕೊಟ್ಟೆ. ಹೊಲಿಗೆ ಮಾತ್ರ ಅವರೇ ಹಾಕಿದರು, ನನ್ನದು ಸೊಟ್ಟ ಹೋಗುತ್ತಿದೆಯಂತೆ. ಹೊಲಿಯುತ್ತಾ ಕೇಳಿದರು, "ಬೆಳಿಗ್ಗೆ ಲಿಂಗಪೂಜೆಗೆ ನೀವು ಎಷ್ಟು ಹೊತ್ತಿಗೆ ಏಳ್ತೀರಿ? ಹೇಳಿದ್ರೆ ನಾನು ಮೊದಲೇ ಸ್ನಾನ ಮುಗಿಸಿ ಆಚೆ ಕೂತಿರ್ತೀನಿ. ನನ್ನ ಸ್ತೋತ್ರದ ಮಣಮಣ ನಿಮಗೆ ತೊಂದರೆ ಆಗಬಾರದು." ಇದೇ ಪ್ರಶ್ನೆ ಅವರನ್ನು ಹೇಗೆ ಕೇಳುವುದು ಅಂತ ನಾನು ಎಷ್ಟು ದಿನದಿಂದ ಒದ್ದಾಡಿದ್ದೇನೆ. ಆಚೆ ಚಳಿಯಲ್ಲಿ ಯಾಕೆ ಕೂರುತ್ತೀರಿ, ಒಂದು ಮೂಲೆ ನಿಮಗೆ, ಒಂದು ಮೂಲೆ ನನಗೆ ಅಂದೆ.

ಇಷ್ಟಾದ ಮೇಲೆ ಎಲ್ಲ ಸುಸೂತ್ರ ಅಂದುಕೊಳ್ಳಬೇಡ. ಅವರು ನನ್ನ ಸೂಟ್‌ಕೇಸು ಪೂರ್ತಿ ಬಿಚ್ಚಿಸಿದರು. "ಸೀರೆ ಮಡಿಚಬಾರದು, ಸುರುಳಿ ಸುತ್ತಬೇಕು" ಅಂತ ಪಾಠ. ನಾನು ಮಡಿಚಿದ್ದನ್ನೆಲ್ಲ ಬಿಚ್ಚಿ ಸುತ್ತಿಸಿದರು. "ನಾನು ಆರು ದಿನಕ್ಕೆ ಮೂರೇ ಸೀರೆ ತರೋದು, ನೀವೂ ಅಷ್ಟೇ ತರಬೇಕು, ಇಲ್ಲದಿದ್ರೆ ನನ್ನ ಮರ್ಯಾದೆ ಹೋಗುತ್ತೆ" ಅಂತ ನನ್ನ ಮೈಸೂರು ಸಿಲ್ಕನ್ನು ವಾಪಸ್ ಬೀರುವಿಗೆ ಇಡಿಸಿದರು. ಅಪ್ಪನ ಬೀಸಣಿಗೆ ಎತ್ತಿಕೊಂಡು ಬೀಸಿಕೊಂಡರು. ಮನಾಲಿಯಲ್ಲಿ ದಿನಾ ಇದೇ ನಡೆಯುತ್ತದೆ ಅಂತ ನನಗೆ ಈಗಲೇ ಗೊತ್ತು. ಈ ಸೋಪು ಇಲ್ಲಿಡಿ, ಆ ಚೊಂಬು ಅಲ್ಲಿಡಿ, ಕಾಲು ಒರೆಸಿ ಬನ್ನಿ.

ಒಂದೂವರೆ ಆಗಿಹೋಯಿತು. ಊಟಕ್ಕೆ ಏಳಿ ಅನ್ನಲು ನನಗೆ ಧೈರ್ಯವಿಲ್ಲ. ಮತ್ತೆ ಈಗಷ್ಟೇ ಊಟ ಆಯಿತು ಅಂದರೆ ಇಷ್ಟು ಹೊತ್ತಿನದೆಲ್ಲ ಸುಳ್ಳಾಗುತ್ತದಲ್ಲ ಅಂತ ಭಯ. ಅಷ್ಟರಲ್ಲಿ ಅಪ್ಪ ಅಂಗಡಿಯಿಂದ ಬಂದರು. ಅವರಿಗೆ ಹಿಂದುಮುಂದು ಯಾವುದೂ ಗೊತ್ತಿಲ್ಲ. ಕೈ ತೊಳೆಯುತ್ತಾ ಬಚ್ಚಲಿನಿಂದಲೇ, "ಬೀಗರೇ, ನಮ್ಮ ಮನೇಲಿ ಇವತ್ತು ರೊಟ್ಟಿ. ಮುರಿದು ತಿನ್ನೋಕೆ ಹಲ್ಲು ಗಟ್ಟಿ ಇದ್ರೆ ಬನ್ನಿ" ಅಂತ ಕೂಗಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಹಲ್ಲು ನನ್ನವೇ ಇವೆ, ಹಾಕಿ" ಅಂದರು ನಿಮ್ಮತ್ತೆ.

ಮೂರು ರೊಟ್ಟಿ ತಿಂದರು ಶರಣ್ಯಾ. ಮೂರೂ ಮುರಿದು ಮುರಿದು, ಮೊಸರು ಹಾಕಿಸಿಕೊಂಡು. ನಾನು ಬಡಿಸುತ್ತಾ ನಿಂತಿದ್ದರೆ, ನೀವು ಕೂತ್ಕೊಳ್ಳಿ ಅಂತ ಕೈ ಹಿಡಿದು ಕೂರಿಸಿದರು. ಒಂದೇ ಮೇಜಿನಲ್ಲಿ ಮೂವರೂ ತಿಂದೆವು. ನೀನು ಇರಬೇಕಿತ್ತು. ನೀನಿಲ್ಲದಿದ್ದರಿಂದಲೇ ನಡೆಯಿತೋ ಏನೋ.

ಹೊರಡುವಾಗ ಕುಂಕುಮ ಕೊಟ್ಟೆ. ಮೆಟ್ಟಿಲು ಇಳಿಯುತ್ತಾ ತಿರುಗಿ, "ಗುರುತಿಗೆ ಸೂಟ್‌ಕೇಸಿನ ಮೇಲೆ ಹೆಸರು ಬರೆದು ಅಂಟಿಸಿ" ಅಂದರು. ನೀವೇ ಬರೆದುಕೊಡಿ ಅಂತ ಅವರನ್ನೇ ವಾಪಸ್ ಕರೆದು ಬರೆಸಿಕೊಂಡೆ. ಆ ತಲೆನೋವು ನನಗೆ ಬೇಡ.

ಹಾಗಾಗಿ ನಾನು ಬರುತ್ತಿದ್ದೇನೆ. ಬಿ.ಪಿ. ಸುದ್ದಿ ಯಾರಿಗೂ ಹೇಳಬೇಡ. ಆ ಪ್ಯಾಂಟುಗಳನ್ನು ವಾಪಸ್ ಕೊಡಲು ಆಗುತ್ತದಾ ಕೇಳು, ಎರಡನ್ನೂ. ನೀನು ಮಾತ್ರ ಕಿವಿ ಮುಚ್ಚುವ ಹಾಗೆ ಏನಾದರೂ ಹಾಕಿಕೋ, ಚಿಕ್ಕಂದಿನಿಂದ ನಿನಗೆ ಕಿವಿನೋವು ಬೇಗ ಬರುತ್ತದೆ. ಅಳಿಯಂದಿರಿಗೆ ದಪ್ಪ ಕಾಲುಚೀಲ ಇಡು.

ನಿನ್ನನ್ನೇ ನೆನೆಯುತ್ತಾ, ನಿನ್ನ ಮೇಲೆ ಇನ್ನೂ ಸ್ವಲ್ಪ ಕೋಪ ಉಳಿಸಿಕೊಂಡಿರುವ,
ಅಮ್ಮ
ಕಲ್ಯಾಣಮ್ಮ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ರೊಟ್ಟಿಯ ಜೊತೆ ನಾನು ಗಾಬರಿಯಲ್ಲಿ ಶೇಂಗಾ ಚಟ್ನಿಪುಡಿ ಬಡಿಸಿಬಿಟ್ಟೆ. ಅದಕ್ಕೆ ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು. ನಿಮ್ಮ ಮನೆಯ ಹೊಸ್ತಿಲು ಬೆಳ್ಳುಳ್ಳಿ ದಾಟುವುದಿಲ್ಲ ಅಂತ ನೀನೇ ಹೇಳಿದ್ದೆಯಲ್ಲ. ಅವರು ಎರಡು ಸಲ ಹಾಕಿಸಿಕೊಂಡರು, ಪ್ರಯಾಣಕ್ಕೆ ಇರಲಿ ಅಂತ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕೇಳಿ ತುಂಬಿಸಿಕೊಂಡೂ ಹೋದರು. ಗೊತ್ತಿದ್ದು ತಿಂದರೋ, ಗೊತ್ತಿಲ್ಲದೆ ತಿಂದರೋ ನನಗೆ ತಿಳಿಯದು. ಅವರಿಲ್ಲದಾಗ ಮೆಲ್ಲಗೆ ನೋಡು. ಡಬ್ಬಿ ಅಡಿಗೆಮನೆಯ ಕಟ್ಟೆಯ ಮೇಲಿದ್ದರೆ ಅವರಿಗೆ ಗೊತ್ತಿಲ್ಲ ಅಂತ ಅರ್ಥ, ನೀನೇ ತೆಗೆದು ಬೇರೆ ಕಡೆ ಇಡು. ಅವರ ಸೂಟ್‌ಕೇಸಿನಲ್ಲಿ, ಸುರುಳಿ ಸುತ್ತಿದ ಸೀರೆಗಳ ಒಳಗೆ ಬಚ್ಚಿಟ್ಟಿದ್ದರೆ ಗೊತ್ತಿದೆ ಅಂತ ಅರ್ಥ, ಏನೂ ಮಾತಾಡದೆ ಮುಚ್ಚಿಬಿಡು. ಎಲ್ಲಿದೆ ಅಂತ ನನಗೆ ಫೋನ್ ಮಾಡಿ ಹೇಳು, ಸ್ಪೀಕರಿಗೆ ಹಾಕಬೇಡ. ಹೇಳುವುದಕ್ಕೆ ಮುಂಚೆ ಇನ್ನೊಂದು ಸಲ ಸರಿಯಾಗಿ ನೋಡು.